ಎರಡನೆಯ ಬಿಗಿ

ಬಾಗಿಲು ಬಡಿದ ಸದ್ದು ಒಂದೇ ಸಲ ಕೇಳಿಸಿತು. ಒಳಗಿನವರು ಎದ್ದು ಬಂದೇ ಬರುತ್ತಾರೆಂಬ ಖಾತರಿ ಬಡಿದವನಿಗೆ ಇದ್ದಂತಿತ್ತು. ಅವನು ಮತ್ತೆ ಬಡಿಯಲಿಲ್ಲ.

ಯಗೋದಾ ಕದ ತೆರೆದಳು. ಹೊಸ್ತಿಲಾಚೆ ಠಾಣೆಯ ಅಧಿಕಾರಿ ಸ್ರೆತೆನ್ ಟೋಪಿಯನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದ. ಶಾಲೆಯಲ್ಲಿ ತನ್ನೊಂದಿಗೆ ಒಂದೇ ಬೆಂಚಿನಲ್ಲಿ ಕುಳಿತು ಓದಿದವಳ ಮುಖ ನೋಡಿ ಅವನು ನಗಲಿಲ್ಲ.

“ಕೋಟು ಹಾಕ್ಕೊಂಡು ಬಾ.”

“ಏನಾಯ್ತು ಸ್ರೆತೆನ್?”

“ಬಾ ಅಂದೆ. ಗ್ಯಾರೇಜಿನ ಬೀಗದ ಕೈ ನನ್ನ ಹತ್ರ ಕೊಡು. ನಾನು ಹೇಳೋ ತನಕ ನೀನು ಅದರೊಳಗೆ ಕಾಲಿಡ್ಬೇಡ.”

ಒಳಕೋಣೆಯಿಂದ ಅಪ್ಪ ವೆಲಿಜಾರನ ಕೆಮ್ಮು ಕೇಳಿಸಿತು. “ಯಾರೇ ಅದು ಈ ಹೊತ್ನಲ್ಲಿ?”

“ಯಾರೂ ಇಲ್ಲಪ್ಪ. ಮಲಕ್ಕೋ ನೀನು.”

ಜೀಪು ಊರು ದಾಟಿ ಬೆಟ್ಟದ ದಾರಿ ಹಿಡಿಯಿತು.  ಯಗೋದಾ ಎರಡು ಸಲ ಕೇಳಿ ಸುಮ್ಮನಾದಳು. ತಿರುವುಗಳ ಕೆಳಗೆಲ್ಲೋ ಡ್ರೀನಾ ನದಿ ಮೊರೆಯುತ್ತಿತ್ತು. ಪ್ರಾರ್ಥನಾ ಮಂದಿರದ ಕೆಳಗಿನ ತಿರುವಿನಲ್ಲಿ ಅವನು ಜೀಪು ನಿಲ್ಲಿಸಿ ಟಾರ್ಚು ಹಚ್ಚಿದ.

ಅಕ್ರೋಟದ ಮರಕ್ಕೆ ಆತುಕೊಂಡು ಒಂದು ಸಣ್ಣ ನೀಲಿ ಕಾರು ಬಲಮಗ್ಗುಲಾಗಿ ಬಿದ್ದಿತ್ತು. ಯಗೋದಾ ಅದನ್ನು ಕಂಡೊಡನೆ ಗುರುತಿಸಿದಳು. ಬೆಟ್ಟದ ಹಳ್ಳಿಗಳಿಗೆ ಸೂಜಿಮದ್ದು ಹೊತ್ತು ತಿರುಗುವ ದಾದಿ ಮಿಲೂಂಕಾಳ ಕಾರದು. ಮೊನ್ನೆಯಷ್ಟೇ ಅದರ ಮುಂಚಕ್ರಗಳ ಬ್ರೇಕನ್ನು ರಿಪೇರಿ ಮಾಡಿ ಕೊಟ್ಟವಳು ಯಗೋದಾ.

“ಬದುಕಿದಾಳೆ,” ಎಂದ ಸ್ರೆತೆನ್. “ತೊಡೆ ಮೂಳೆ ಮುರಿದಿದೆ, ತಲೆಗೂ ಪೆಟ್ಟು. ಆಸ್ಪತ್ರೆ ಮುಟ್ಟೋ ತನಕ ಒಂದೇ ಮಾತಂತೆ. ಪೆಡಲ್ ತುಳಿದೆ, ಕಾಲು ನೆಲಕ್ಕೇ ಹೋಯ್ತು ಅಂತ.”

ಅವನು ಟಾರ್ಚಿನ ಬೆಳಕನ್ನು ಮೇಲ್ಮುಖವಾಗಿದ್ದ ಎಡ ಮುಂಚಕ್ರದ ಹಿಂಬದಿಗೆ ಹಾಯಿಸಿದ. ಬ್ರೇಕಿನ ಎಣ್ಣೆ ಒಸರಿ ಧೂಳು ಕೆಸರಾಗಿತ್ತು. ಎಣ್ಣೆಯ ರಬ್ಬರ್ ಕೊಳವೆ, ಚಕ್ರವನ್ನು ಹಿಡಿದು ನಿಲ್ಲಿಸುವ ಕ್ಯಾಲಿಪರನ್ನು ಸೇರುವ ಕಡೆ ಒಂದೇ ಒಂದು ಬೋಲ್ಟು ಇರುತ್ತದೆ. ಒಸರಿದ್ದು ಅದರ ಬುಡದಿಂದಲೇ. ಆ ಬೋಲ್ಟಿನ ತಲೆಯ ಮೇಲಿಂದ ಪಕ್ಕದ ಲೋಹದ ಮೇಲಕ್ಕೆ ಒಂದು ಕೆಂಪು ಗೆರೆ ನೇರವಾಗಿ ಎಲ್ಲಿಯೂ ತುಂಡಾಗದೆ ಹಾದಿತ್ತು.

ಯಗೋದಾ ಬಗ್ಗಿ ಆ ಗೆರೆಯನ್ನು ಹತ್ತಿರದಿಂದ ನೋಡಿದಳು.

ಸ್ಮಿಲ್ಯಾನಿಚ್ ಗ್ಯಾರೇಜಿನ ಕೆಂಪು ಗೆರೆಯನ್ನು ಅರಿಯದವರು ಆ ಕಣಿವೆಯಲ್ಲಿ ಇರಲಿಲ್ಲ. ಬಿಗಿದ ಬೋಲ್ಟನ್ನು ಒರೆಸಿ ಹೆಂಗಸರ ಉಗುರುಬಣ್ಣದಿಂದ ಅದರ ಮೇಲೊಂದು ಗೆರೆ ಎಳೆಯುವುದು ಅಲ್ಲಿನ ರೂಢಿ. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಎರಡಾಗುತ್ತದೆ. ಮುರಿಯದಿದ್ದರೆ ಬೋಲ್ಟು ಕದಲಿಲ್ಲವೆಂದೇ ಅರ್ಥ. ಆ ಮನೆಯಲ್ಲಿ ಉಗುರಿಗಿಂತ ಬೋಲ್ಟಿಗೇ ಹೆಚ್ಚು ಬಣ್ಣ ಖರ್ಚಾಗುತ್ತದೆಂದು ಊರವರು ಆಡಿಕೊಳ್ಳುತ್ತಿದ್ದರು. ಆಡಿಕೊಂಡವರೇ ದೂರ ಪ್ರಯಾಣಕ್ಕೆ ಮುನ್ನ ಕಾರಿನಡಿ ಬಗ್ಗಿ ಕೆಂಪು ಗೆರೆ ಕಂಡು ನೆಮ್ಮದಿಯಿಂದ ಹೊರಡುತ್ತಿದ್ದರು.

“ಗೆರೆ ಮುರಿದಿಲ್ಲ,” ಎಂದ ಸ್ರೆತೆನ್. “ಹಾಗಂದ್ರೆ ಏನರ್ಥ ಅಂತ ನಿಂಗೆ ನಾನು ಹೇಳಿಕೊಡ್ಬೇಕಾಗಿಲ್ಲ.”

ಹೇಳಿಕೊಡಬೇಕಾಗಿರಲಿಲ್ಲ. ಗೆರೆ ಎಳೆದ ಮೇಲೆ ಬೋಲ್ಟು ಸಡಿಲಗೊಂಡಿಲ್ಲ. ಗೆರೆ ಎಳೆಯುವಾಗಲೇ ಅದು ಸಡಿಲವಾಗಿತ್ತು. ಎಳೆದ ಕೈ ತನ್ನದು.

*

ಬೆಳಗಾಗುವ ಹೊತ್ತಿಗೆ ಗ್ಯಾರೇಜಿಗೆ ಠಾಣೆಯ ಮುದ್ರೆ ಬಿದ್ದಿತ್ತು. ತಜ್ಞ ಬಂದು ನೋಡಲಿ, ಆಮೇಲೆ ಮೊಕದ್ದಮೆ ಎಂದಿದ್ದ ಸ್ರೆತೆನ್. ತಪ್ಪು ಯಗೋದಾಳದೆಂದಾದರೆ ಸೆರೆಮನೆ, ಜೊತೆಗೆ ಮತ್ತೆಂದೂ ಬ್ರೇಕು ಮುಟ್ಟದಂತೆ ನಿಷೇಧ.

ಬಾಗಿಲ ಮುಂದಿನ ಲಿಂಡೆನ್ ಮರದಡಿ ಅಪ್ಪ ತನ್ನ ಕುರ್ಚಿಯಲ್ಲಿ ಕುಳಿತಿದ್ದ. ಚಳಿಗಾಲದ ಪಾರ್ಶ್ವವಾಯು ವೆಲಿಜಾರನ ಬಲಗೈಯ ಬಲವನ್ನು ಕಿತ್ತುಕೊಂಡಿತ್ತಾದರೂ ನಾಲಗೆಯನ್ನು ಮುಟ್ಟಿರಲಿಲ್ಲ. ಗ್ಯಾರೇಜನ್ನು ಮಗಳಿಗೆ ಒಪ್ಪಿಸಿದಂದಿನಿಂದ ಅವನು ಆ ಕುರ್ಚಿಯಿಂದಲೇ ದಾರಿಹೋಕರ ವಾಹನಗಳಿಗೆ ಮದ್ದು ಹೇಳುತ್ತಿದ್ದ. ನಿಮ್ಮ ಬೆಲ್ಟು ಕಿರುಗುಡುತ್ತಿದೆ, ನಿನ್ನ ಹೊಗೆ ನೀಲಿಯಾಗಿದೆ, ಇನ್ನೊಂದು ಚಳಿಗಾಲ ಕಾಣದು ನಿನ್ನ ಬ್ಯಾಟರಿ ಎಂದು. ಅವನ ಮಾತು ಸುಳ್ಳಾಗುವುದು ಅಪರೂಪ.

ಯಗೋದಾ ಎಲ್ಲವನ್ನೂ ಹೇಳಿದಳು. ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ.

“ತಾಮ್ರದ ವಾಷರ್ ಹೊಸಾದ್ ಹಾಕಿದ್ಯಾ?”

“ಹಾಕಿದೆ.”

“ಎರಡೂ ಕಡೆ?”

“ಎರಡೂ ಕಡೆ ಅಪ್ಪ. ಹಳೇದನ್ನ ಮತ್ತೆ ಹಾಕೋಕೆ ನಾನೇನು ಕೆಲಸ ಬಿಡಿಸಿದ ಆ ಒಗ್ನೆನ್ನಾ?”

“ಬಿಗಿದಾಗ ಆ ನಿನ್ನ ಅಳತೆ ಪಾನ, ಬಿಗಿ ಸಾಕು ಅಂತ ಟಕ್ ಅಂತಾ?”

“ಅಂತು.”

“ಅಂತು ಅಂತ ನಿಂಗೆ ನೆನಪಿದೆಯೋ, ಯಾವಾಗ್ಲೂ ಅನ್ನತ್ತೆ ಅಂತ ನೆನಪೋ?”

 ರಾತ್ರಿಯಿಡೀ ಯಗೋದಾಳನ್ನು ಕುಟುಕಿದ ಪ್ರಶ್ನೆ ಅದೇ. ಬ್ರೇಕು ರಿಪೇರಿ ಮಾಡಿದ್ದು ಮನೆದೇವರಾದ ಸಂತ ಜಾರ್ಜನ ಹಬ್ಬದ ಮುನ್ನಾದಿನ. ಒಲೆಯಲ್ಲಿ ಹಬ್ಬದ ರೊಟ್ಟಿ, ಪಾತ್ರೆಯಲ್ಲಿ ಬೇಯುವ ಗೋಧಿ, ಕಿಟಕಿಯಿಂದ ಅತ್ತಿಗೆಯರ ಕೂಗು. ಆದರೂ ಅವಳು ಅವಸರಿಸಿರಲಿಲ್ಲ. ಕೊಳವೆಯ ಬಾಯನ್ನು ಒರೆಸಿದ್ದಳು. ವಾಷರುಗಳನ್ನು ಬೆಳಕಿಗೆ ಹಿಡಿದು ಗೀರಿಲ್ಲವೆಂದು ನೋಡಿದ್ದಳು. ಬೋಲ್ಟನ್ನು ಮೊದಲು ಬೆರಳಲ್ಲೇ ತಿರುಗಿಸಿ, ತಿರುಪಿನ ಎಳೆ ಎಳೆಗೆ ಕೂತದ್ದು ಖಚಿತವಾದ ಮೇಲೆ ಪಾನ ಹಿಡಿದಿದ್ದಳು. ಅಲ್ಲಿಯವರೆಗೆ ಪ್ರತಿಯೊಂದೂ ಕಣ್ಣಿಗೆ ಕಟ್ಟಿದಂತಿತ್ತು. ಆ ಒಂದು ಟಕ್ ಸದ್ದು ಮಾತ್ರ ಸಾವಿರ ಟಕ್ ಸದ್ದುಗಳ ನಡುವೆ ಕಳೆದುಹೋಗಿತ್ತು. ಅದು ಸಿಗದಿದ್ದರೆ ಸೆರೆಮನೆಯಿಂದ ಬಿಟ್ಟರೂ ತನ್ನ ಕೈಯನ್ನು ತಾನು ನಂಬುವಂತಿರಲಿಲ್ಲ.

“ನಮ್ಮನೆ ಬೋಲ್ಟು ಸಡಿಲ ಆಗಲ್ಲ,” ಎಂದ ವೆಲಿಜಾರ್ ಕಣ್ಣು ತೆರೆದು. “ಯಾರೋ ಕೆಟ್ಟ ಕೈ ಹಾಕಿದಾರೆ. ಹಬ್ಬದ ದಿನ ಆ ಪೋಲಿ ಬಂದಿದ್ನಲ್ಲ.”

ಪೋಲಿ ಎಂದರೆ ಒಗ್ನೆನ್. ಈಸ್ಟರಿಗೆ ಮುಂಚೆ ಯಗೋದಾ ಕೆಲಸದಿಂದ ತೆಗೆದುಹಾಕಿದ್ದ ಮೆಕ್ಯಾನಿಕ್. ಕೈ ಚುರುಕು, ತಾಳ್ಮೆ ಕಡಿಮೆ. ಹಳೆಯ ವಾಷರನ್ನೇ ಉಜ್ಜಿ ಹಾಕಿದ್ದನ್ನು ಅವಳು ಕಣ್ಣಾರೆ ಹಿಡಿದಿದ್ದಳು. ಹೊರಟ ದಿನ ಅವನು ಹೆಂಡದಂಗಡಿಯಲ್ಲಿ ಎಲ್ಲರೆದುರು, “ಆ ಕೆಂಪು ಗೆರೆ ರಾಣಿಯ ಗಾಡೀನೂ ಒಂದಿನ ಗುಂಡಿಗೆ ಬೀಳತ್ತೆ, ನೋಡ್ತಿರಿ,” ಎಂದಿದ್ದ. ಅಂಥವನೂ ಹಬ್ಬಕ್ಕೆ ಬಂದಿದ್ದ. ಮನೆದೇವರ ದಿನ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಬಂದವರನ್ನು ತಡೆಯುವ ಪದ್ಧತಿಯೂ ಇಲ್ಲ. ಮನೆಯ ಬಾಗಿಲು, ಗ್ಯಾರೇಜಿನ ಬಾಗಿಲು, ಎಲ್ಲವೂ ಅಂದು ತೆರೆದಿದ್ದವು. ಮಿಲೂಂಕಾಳ ಕಾರು ಮಾರನೆಯ ದಿನ ಹೊರಡಲು ಸಿದ್ಧವಾಗಿ ಒಳಗೆ ನಿಂತಿತ್ತು.

*

ಹಬ್ಬದ ದಿನ ಒಗ್ನೆನ್ ಗ್ಯಾರೇಜಿನಿಂದ ಹೊರಬಂದುದನ್ನು ನೋಡಿದವರು ಸಿಕ್ಕರು. ಮಧ್ಯಾಹ್ನದೊಳಗೆ ಅವನನ್ನು ಠಾಣೆಗೆ ಎಳೆತಂದರು.

ಸಮಾಧಾನವಾಯಿತೆಂದು ಒಪ್ಪಿಕೊಳ್ಳಲು ಯಗೋದಾಳಿಗೆ ನಾಚಿಕೆಯಾಯಿತು. ಆದರೆ ಆದದ್ದು ಸಮಾಧಾನವೇ. ಬೆಳಿಗ್ಗೆ ರೊಟ್ಟಿಯಂಗಡಿಯವಳು ಅವಳ ಮುಖ ನೋಡದೆ ರೊಟ್ಟಿ ಕಟ್ಟಿಕೊಟ್ಟಿದ್ದಳು. ಸಂಜೆ ಅದೇ ಹೆಂಗಸು ಬೀದಿಯ ಆಚೆಬದಿಯಿಂದ ಕೂಗಿ ಹೇಳಿದಳು: “ನಂಗೊತ್ತಿತ್ತು ಕಣೇ ಯಗೋದಾ. ನಿನ್ನ ಕೈಯಲ್ಲಿ ಹಂಗಾಗಲ್ಲ ಅಂತ ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೆ.”

ಮರುದಿನ ತಜ್ಞ ಬಂದ. ಪಟ್ಟಣದ ವಾಹನ ತಪಾಸಣೆಯ ಎಂಜಿನಿಯರ್ ಬೋರಿಸಾವ್, ಕೈತುಂಬ ಹಳೆಯ ಸುಟ್ಟ ಕಲೆಗಳಿದ್ದ, ಮಿತಭಾಷಿ ಮನುಷ್ಯ. ಠಾಣೆಯ ಹಿತ್ತಿಲ ಕೊಟ್ಟಿಗೆಯಲ್ಲಿ ನೀಲಿ ಕಾರನ್ನು ನೆಟ್ಟಗೆ ನಿಲ್ಲಿಸಿದ್ದರು. ಯಗೋದಾಳ ಜೊತೆ ಬಂದಿದ್ದ ವೆಲಿಜಾರನನ್ನು ಸ್ರೆತೆನ್ ಒಳಗೆ ಬಿಡಲಿಲ್ಲ.

“ನೀವು ಹೊರಗಡೆ ಬಿಸಿಲಲ್ಲಿ ಕೂತಿರಿ ತಾತಾ. ಒಳಗೆ ಬಂದ್ರೆ ತಜ್ಞರಿಗೇ ಪಾಠ ಶುರು ಮಾಡ್ತೀರಿ.”

“ಬೇಕಾಗತ್ತೆ ಅವನಿಗೆ,” ಎಂದು ಗೊಣಗುತ್ತಾ ಮುದುಕ ಅಂಗಳದ ಬೆಂಚಿನತ್ತ ನಡೆದ.

ಪಂಚನಾಮೆಗೆಂದು ಒಗ್ನೆನನನ್ನೂ ಕರೆತಂದಿದ್ದರು. ಕೈಗೆ ಕೋಳ, ಗಲ್ಲದ ಮೇಲೆ ಕುರುಚಲು. ಯಗೋದಾಳನ್ನು ಕಂಡು ಅವನು ತಲೆ ತಗ್ಗಿಸಲಿಲ್ಲ.

“ನನ್ನ ಸ್ಪ್ಯಾನರ್ ಅಲ್ಲೇ ಬಿಟ್ಟು ಹೋಗಿದ್ದೆ ಅಕ್ಕಾ. ನಿನ್ನ ಕೇಳೋಕೆ ಮನಸ್ಸಾಗ್ಲಿಲ್ಲ, ತಗೊಂಡು ಬಂದೆ. ಅಷ್ಟೇ.”

“ಹೆಂಡದಂಗಡೀಲಿ ಆಡಿದ ಮಾತು?”

“ಆಡಿದೆ. ಸಿಟ್ಟಿತ್ತು. ಈಗ್ಲೂ ಇದೆ. ಬೇಕಾದ್ರೆ ನಿನ್ನ ಟೈರಿಗೆ ಮೊಳೆ ಹೊಡೀತಿದ್ದೆ. ಬೇರೆಯವರ ಬ್ರೇಕಿಗೆ ಕೈ ಹಾಕೋ ಕುಲ ಅಲ್ಲ ನಂದು.”

“ಸಾಕು,” ಎಂದ ಸ್ರೆತೆನ್.

ಬೋರಿಸಾವ್ ಕನ್ನಡಕ ಏರಿಸಿ ಚಕ್ರದ ಪಕ್ಕ ಮೊಣಕಾಲೂರಿದ. ಕೆಂಪು ಗೆರೆಯನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದ. ನಂತರ ಪಾನವನ್ನು ಬೋಲ್ಟಿಗೆ ಕೊಟ್ಟು ಒತ್ತಿದ. ಬೋಲ್ಟು ಜಗ್ಗಾಡದೆ ಜಾರಿಬಂತು.  ಅವನು ಎರಡೂ ವಾಷರುಗಳನ್ನು ಚಿಮಟದಿಂದ ಎತ್ತಿ, ಪೆಟ್ರೋಲಿನಲ್ಲಿ ತೊಳೆದು, ಬಿಳಿಯ ಬಟ್ಟೆಯ ಮೇಲಿಟ್ಟು, ಕಿಟಕಿಯ ಬಳಿ ಒಯ್ದ.

“ಇಲ್ಲಿ ಬನ್ನಿ. ನೀವೇ ನೋಡಿ.”

ತಾಮ್ರ ಮೃದುವಾದ ಲೋಹ. ಬಿಗಿದಾಗ ನಲುಗಿ, ಒತ್ತಿದ ಅಂಚಿನ ಅಚ್ಚನ್ನು ಉಂಗುರದಂತೆ ತನ್ನ ಮೈಮೇಲೆ ಉಳಿಸಿಕೊಳ್ಳುತ್ತದೆ. ನಲುಗಿದ್ದರಿಂದಲೇ ಅದು ಎಣ್ಣೆಯನ್ನು ತಡೆಯುವುದು. ಒಮ್ಮೆ ನಲುಗಿದ್ದು ಇನ್ನೊಮ್ಮೆ ಹಾಗೆ ಕೂರದು. ಅದಕ್ಕೇ ಪ್ರತಿಸಲವೂ ಹೊಸದು. ಆ ವಾಷರಿನ ಮೇಲೆ ಯಗೋದಾ ಒಂದು ಉಂಗುರವನ್ನು ಕಂಡಳು. ಆಳವಾದ, ಸಮನಾದ ಉಂಗುರ. ಆಮೇಲೆ ಅದರ ಪಕ್ಕದಲ್ಲೇ, ತುಸು ಓರೆಯಾಗಿ, ಮೊದಲನೆಯದನ್ನು ದಾಟಿಕೊಂಡು ಹೋದ ಇನ್ನೊಂದು ತೆಳ್ಳಗಿನ ಉಂಗುರವನ್ನು ಕಂಡಳು.

“ಎರಡು,” ಎಂದಳು. 

“ಎರಡು,” ಎಂದ ಬೋರಿಸಾವ್. “ಮೊದಲನೇದು ಸರಿಯಾದ ಬಿಗಿ. ಇಷ್ಟೇ ಬೇಕು, ಹೆಚ್ಚಿಲ್ಲ ಕಡಿಮೆ ಇಲ್ಲ. ಅದು ನಿಮ್ಮದು ಅಂತ ಬರ್ಕೊಳ್ತೀನಿ. ಆಮೇಲೆ ಯಾರೋ ಬಿಚ್ಚಿ ಮತ್ತೆ ಬಿಗಿದಿದಾರೆ. ಎರಡನೇ ಬಿಗಿ ಸಾಲ್ಲಿಲ್ಲ. ಮೊದಲು ಜಿನುಗಿದೆ, ಆಮೇಲೆ ಸೋರಿದೆ. ಆ ದಾದಿ ಇಳಿಜಾರು ತಲುಪೋ ಹೊತ್ತಿಗೆ ಒಳಗೆ ಎಣ್ಣೇನೇ ಉಳಿದಿರಲಿಲ್ಲ.”

 ಕಳೆದುಹೋಗಿದ್ದ ಆ ಟಕ್ ಸದ್ದು ಅಲ್ಲಿ, ಬಿಳಿಯ ಬಟ್ಟೆಯ ಮೇಲೆ, ತಾಮ್ರದಲ್ಲಿ ಕೊರೆದು ಕೂತಿತ್ತು. ಯಗೋದಾಳ ಕೈ ತಪ್ಪಿರಲಿಲ್ಲ.

“ಮುಗೀತಲ್ಲ,” ಎಂದು ಸ್ರೆತೆನ್ ಒಗ್ನೆನನತ್ತ ತಿರುಗಿದ. “ನೀನು ಮೊದಲೇ ಕುಡಿದಿದ್ದೆ. ಬಿಚ್ಚಿದೆ, ಅನುಮಾನ ಬರಬಾರದು ಅಂತ ಹಂಗೇ ತಿರುಪಿ ಗೆರೆ ಎಳೆದೆ.”

“ನಾನು ಮುಟ್ಟಿಲ್ಲ,” ಎಂದ ಒಗ್ನೆನ್. 

ಬೋರಿಸಾವ್ ವಾಷರನ್ನು ಇನ್ನೂ ಕೆಳಗಿಟ್ಟಿರಲಿಲ್ಲ. “ಒಂದು ನಿಮಿಷ. ನನಗೊಂದು ಕೂಡಿ ಬರ್ತಿಲ್ಲ. ಕೇಡು ಮಾಡೋನು ಬಿಚ್ಚಿ ಓಡ್ತಾನೆ. ಇವನು ಬೋಲ್ಟಿನ ತಲೆಯನ್ನ ಒರೆಸಿದಾನೆ. ಹಳೇ ಬಣ್ಣವನ್ನ ಅಂಚಿನ ತನಕ ಕೆರೆದು ತೆಗೆದಿದಾನೆ. ಎಳೆಗೆ ಎಣ್ಣೆ ಅಂಟದ ಹಾಗೆ ಬಟ್ಟೆ ಸುತ್ತಿ ಶುಚಿ ಮಾಡಿದಾನೆ. ಆಮೇಲೆ ಬಿಗಿದು, ಒಣಗೋ ತನಕ ಕಾದು, ಹೊಸ ಗೆರೆ. ಇದು ಕೇಡಿನ ಕೆಲಸ ಅಲ್ಲ ಸ್ರೆತೆನ್. ಇದು ಪರೀಕ್ಷೆ. ನಮ್ಮ ಕಾಲದಲ್ಲಿ ಹಳಬರು ಹೀಗೇ ಮಾಡ್ತಿದ್ರು.”

“ಗೆರೆ ಎಳೆಯೋದು ಇವನಿಗೂ ಗೊತ್ತು. ಅಲ್ಲೇ ಇದ್ದೋನು.”

“ಗೊತ್ತಿರ್ಬಹುದು. ಆದ್ರೆ ಹಳೇ ವಾಷರ್ ಉಜ್ಜಿ ಹಾಕೋನಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು?”

 ಅಷ್ಟರಲ್ಲಿ ಅಂಗಳದ ಮಾತು ಹಲಗೆಗೋಡೆಯ ಸಂದಿಯಿಂದ ನುಗ್ಗಿಬಂತು. ಹೊರಗೆ ಡೊಳ್ಳುಹೊಟ್ಟೆಯ ಪೇದೆಯೊಬ್ಬ ಠಾಣೆಯ ಜೀಪಿನ ಬಾನೆಟ್ಟು ಎತ್ತಿ ನಿಂತಿದ್ದ. ಬೆಂಚಿನ ಮೇಲಿನ ಮುದುಕ ಆಗಲೇ ಅವನನ್ನು ಹಿಡಿದುಕೊಂಡಿದ್ದ.

“ಯಾರಪ್ಪಾ ಬಿಗಿದೋರು ಈ ಬೋಲ್ಟನ್ನ?”

“ಇಲಾಖೆ ವರ್ಕ್‌ಶಾಪಿನೋರು ತಾತಾ.”

“ನೀನು ಪಕ್ಕದಲ್ಲಿ ನಿಂತು ನೋಡಿದ್ಯಾ?”

“ಇಲ್ಲ. ಗಟ್ಟಿಯಾಗೇ ಇದೆಯಲ್ಲ.”

“ಗಟ್ಟಿ ಇದೆ ಅಂತ ನಿನ್ನ ಹೊಟ್ಟೆ ಹೇಳ್ತಾ? ಬೇರೆಯೋನು ಬಿಗಿದದ್ದು ಅವನ ಕೈಗೆ ಮಾತ್ರ ಗೊತ್ತಿರತ್ತೆ. ಒಂದು ಸುತ್ತು ಬಿಚ್ಚು. ಒರೆಸು. ನೀನೇ ಬಿಗಿ. ಆಮೇಲೆ ಗುರುತು ಹಾಕು. ನಾನು ಈ ಕಸುಬಿಗೆ ಬಂದಾಗಿನಿಂದ ಇನ್ನೊಬ್ಬರ ಬಿಗಿಯನ್ನ ಬಿಚ್ಚಿ ನೋಡದೆ ರಸ್ತೆಗೆ ಬಿಟ್ಟಿಲ್ಲ.”

ಪೇದೆ ನಕ್ಕ. “ಮಗಳು ಬಿಗಿದದ್ದನ್ನೂ?”

“ಮಗಳು ಬಿಗಿದದ್ದು ಅಂತಾನೇ ನೋಡೋದು ಕಣೋ. ನಾಳೆ ಅವಳ ಹೆಸರಿಗೆ ಮಸಿ ಹತ್ತಬಾರದು ನೋಡು.”

 ಹಬ್ಬದ ಮಧ್ಯಾಹ್ನ ಪಂಕ್ತಿಯ ನಡುವೆ ಖಾಲಿಯಾಗಿದ್ದ ಅಪ್ಪನ ಕುರ್ಚಿ ಯಗೋದಾಳ ಕಣ್ಮುಂದೆ ಬಂತು. ಆಯಾಸವಾಗಿರಬೇಕು, ಮಲಗಿರಲಿ ಎಂದು ಎಲ್ಲರೂ ಅಂದುಕೊಂಡಿದ್ದರು. ಬಲವಿಲ್ಲದ ಬೆರಳುಗಳು ಪಾನವನ್ನು ತಬ್ಬಿ, ಎಂದಿನಂತೆ ಒತ್ತಿ, ಎಂದಿನಷ್ಟೇ ಬಿಗಿಯಾಯಿತೆಂದು ನಂಬಿ ನಿಂತದ್ದನ್ನು ಅವಳು ಕಾಣದೆಯೂ ಕಂಡಳು.

ಅವಳು ಸುತ್ತ ನೋಡಿದಳು. ಬೋರಿಸಾವ್ ಕಿಟಕಿಯತ್ತ ತಿರುಗಿ ಬರೆಯುವುದರಲ್ಲಿ ಮುಳುಗಿದ್ದ. ಸ್ರೆತೆನ್ ತಾನು ಅಣಿಗೊಳಿಸಿದ ಹೇಳಿಕೆಯನ್ನು ಕಾರಿನ ನೆತ್ತಿಯ ಮೇಲೆ ಹರಡುತ್ತಿದ್ದ. ಗೋಡೆಯಾಚೆಯ ಮಾತು ಇಬ್ಬರಿಗೂ ಒಬ್ಬ ಮುದುಕನ ಹರಟೆಯಾಗಿತ್ತು. ಕೇಳಿದವಳು ಅವಳೊಬ್ಬಳೇ.

“ಇಲ್ಲಿ ಸಹಿ ಹಾಕು,” ಎಂದ ಸ್ರೆತೆನ್ ಪೆನ್ನು ಮುಂದೆ ಮಾಡಿ. “ಹಬ್ಬದ ದಿನ ಗ್ಯಾರೇಜಿನ ಕೆಲಸ ಗೊತ್ತಿರೋ ಹೊರಗಿನೋನು ಒಳಗೆ ಹೋದದ್ದು ಒಗ್ನೆನ್ ಒಬ್ಬನೇ ಅಂತ. ಇಷ್ಟೇ. ಸುಳ್ಳೇನಿಲ್ಲವಲ್ಲ ಅದರಲ್ಲಿ.”

ಸುಳ್ಳಿರಲಿಲ್ಲ. ಹೊರಗಿನವನು ಒಬ್ಬನೇ. ಸಹಿ ಹಾಕಿದರೆ ಮುದ್ರೆ ಒಡೆಯುತ್ತದೆ, ಗ್ಯಾರೇಜಿನ ಬಾಗಿಲು ನಾಳೆಯೇ ತೆರೆಯುತ್ತದೆ, ಲಿಂಡೆನ್ ಮರದಡಿಯ ಕುರ್ಚಿ ಖಾಲಿಯಾಗುವುದಿಲ್ಲ. ತನ್ನ ಕೈ ನಿರ್ದೋಷಿ ಎಂದು ತಾಮ್ರವೇ ನುಡಿದಾಗಿದೆ. ಇನ್ನು ಯಾರ ಕೈ ಎಂಬುದನ್ನು ಈ ಕೊಟ್ಟಿಗೆಯಲ್ಲಿ ತಾನಲ್ಲದೆ ಇನ್ನಾರೂ ಹೇಳಲಾರರು.

ಅವಳು ಪೆನ್ನು ತೆಗೆದುಕೊಂಡಳು. ಕೋಳದ ಸರಪಳಿ ಸಣ್ಣಗೆ ಕಿಣಿಕಿಣಿಸಿತು. ಒಗ್ನೆನ್ ಏನನ್ನೂ ಬೇಡಲಿಲ್ಲ. ಮುದುಕನ ದನಿಯತ್ತ ಕಿವಿಕೊಟ್ಟವನೂ ಅಲ್ಲ. ಅವನು ನೋಡುತ್ತಿದ್ದುದು ಬಟ್ಟೆಯ ಮೇಲಿನ ವಾಷರನ್ನು. ಅದರ ಮೊದಲ ಉಂಗುರವನ್ನು.

“ಚೆನ್ನಾಗಿ ಬಿಗಿದಿದ್ದೆ ನೀನು ಅಕ್ಕಾ,” ಎಂದ ಮೆಲ್ಲಗೆ. “ನನ್ನ ಕೈಲಿ ಹೀಗೆ ಯಾವತ್ತೂ ಬರ್ಲಿಲ್ಲ.”

ಯಗೋದಾ ಪೆನ್ನನ್ನು ಹೇಳಿಕೆಯ ಮೇಲೆ ಅಡ್ಡಲಾಗಿಟ್ಟಳು.

“ಇವನ ಕೋಳ ಬಿಚ್ಚು ಸ್ರೆತೆನ್.”

“ಏನಂದೆ?”

“ಹೊರಗಿನೋರು ಯಾರೂ ಅದನ್ನ ಮುಟ್ಟಿಲ್ಲ. ಬಿಚ್ಚಿ ಬಿಗಿದೋರು ಯಾರು ಅಂತ ನಂಗೊತ್ತು. ಕೇಡಿಗೆ ಮಾಡಿದ್ದಲ್ಲ. ಸೋರಿದ್ದು ತಮ್ಮ ಬಿಗಿಯಿಂದ ಅಂತಾನೂ ಅವರಿಗೆ ಇನ್ನೂ ಗೊತ್ತಿಲ್ಲ. ನಾನು ಹೇಳೋವಾಗ ನೀನು ಮಧ್ಯೆ ಬಾಯಿ ಹಾಕ್ಬೇಡ, ಹಾಕಿದ್ರೆ ನನ್ನ ಕೈಲಿ ಆಗಲ್ಲ.”

ಬೋರಿಸಾವನ ಲೇಖನಿ ನಿಂತಿತು. ಸ್ರೆತೆನ್ ಹಳೆಯ ಹೇಳಿಕೆಯನ್ನು ಮಗುಚಿ, ಅದರ ಖಾಲಿ ಬೆನ್ನಿನ ಮೇಲೆ ತಾನೇ ಪೆನ್ನೂರಿದ. ಅಂಗಳದಲ್ಲಿ ಜೀಪು ಕೆಮ್ಮಿ ಹೊತ್ತಿಕೊಂಡಿತು. ಪೇದೆಯ ಹರ್ಷದ ಕೇಕೆ ಕೇಳಿಸಿತು.

“ಹೆಸರು?” ಎಂದ ಸ್ರೆತೆನ್.

“ವೆಲಿಜಾರ್ ಸ್ಮಿಲ್ಯಾನಿಚ್.”